ಕಷ್ಟ ಕಳೆದ ಮೇಲೂ ಕೈ ಬಿಗಿ ಇರುತ್ತದೆಯೇ?

2020ರ ಲಾಕ್‌ಡೌನ್ ಹೊತ್ತಿನಲ್ಲಿ ನಮ್ಮ ಮುಂಡಗೋಡದಲ್ಲೂ ಒಂದು ಮಾತು ಧಾರಾಳವಾಗಿ ಕೇಳುತ್ತಿತ್ತು: ಜನ ಬುದ್ಧಿ ಕಲಿತರು, ಇನ್ನು ಐವತ್ತು ಜನರ ಮದುವೆಯೇ ರೂಢಿಯಾಗುತ್ತದೆ. ಹಾಗಾಗಲಿಲ್ಲ. ಕಲ್ಯಾಣ ಮಂಟಪಗಳು ತೆರೆದದ್ದೇ ತಡ, ಊಟದ ಪಂಕ್ತಿಗಳು ಮೊದಲಿನಷ್ಟೇ ಉದ್ದವಾದವು. ರಿಸರ್ವ್ ಬ್ಯಾಂಕಿನ ಲೆಕ್ಕವೂ ಇದನ್ನೇ ಹೇಳುತ್ತದೆ. ದೇಶದ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ 2020–21ರಲ್ಲಿ ಜಿಡಿಪಿಯ ಶೇ 11 ದಾಟಿತ್ತು. 2022–23ರಲ್ಲಿ ಶೇ 5ರ ಆಸುಪಾಸಿಗೆ ಬಂತು. ಅಮೆರಿಕದವರು 2020ರ ಏಪ್ರಿಲ್‌ನಲ್ಲಿ ಆದಾಯದ ಶೇ 30ಕ್ಕೂ ಹೆಚ್ಚು ಉಳಿಸಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಅದು ಶೇ 5ಕ್ಕಿಂತ ಕೆಳಗಿತ್ತು. ಅಂಗಡಿ ಮುಚ್ಚಿದ್ದರಿಂದ ಉಳಿದ ದುಡ್ಡು ಅಂಗಡಿ ತೆರೆದಾಗ ಹೋಯಿತು. ಅದನ್ನು ಮಿತವ್ಯಯ ಎಂದು ಕರೆದದ್ದೇ ತಪ್ಪು ಎಂಬುದು ನನ್ನ ಅಭಿಪ್ರಾಯ.

ಉಳಿತಾಯ ಇಳಿದದ್ದಕ್ಕೆ ಕೇಂದ್ರ ಹಣಕಾಸು ಸಚಿವಾಲಯದ ಉತ್ತರ ಬೇರೆ ಇತ್ತು: ಜನ ದುಂದು ಮಾಡಿಲ್ಲ, ಸಾಲ ಮಾಡಿ ಮನೆ, ವಾಹನ ಕೊಂಡಿದ್ದಾರೆ, ಅದೂ ಆಸ್ತಿಯೇ. ಪೇಟೆಯ ಸಂಬಳದವರಿಗೆ ಈ ಮಾತು ಒಪ್ಪುತ್ತದೆ. ಮಳೆ ನಂಬಿ ಗೋವಿನಜೋಳ, ಭತ್ತ ಬೆಳೆಯುವ ನಮ್ಮ ತಾಲ್ಲೂಕಿಗೆ ಅಷ್ಟಾಗಿ ಒಪ್ಪುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷ ಮನೆಯ ಹೊಸ ಸ್ಲ್ಯಾಬು ಮಾರಿ ಬೀಜ ತರಲಾಗದು. ಕೈಗೆ ಸಿಗುವುದು ಬಂಗಾರ, ಅದನ್ನು ಅಡವಿಡಬೇಕು. ಇನ್ನು ಕೆಲವರು ಹಿರಿಯರನ್ನು ತೋರಿಸುತ್ತಾರೆ: ಅರವತ್ತರ ದಶಕದ ಬರ, ರೇಷನ್ ಕಂಡವರು ಕೊನೆಯವರೆಗೂ ಒಂದು ದಾರದ ತುಂಡನ್ನೂ ಎಸೆಯಲಿಲ್ಲವಲ್ಲ ಎಂದು. ನಿಜ, ಕಷ್ಟ ಗುರುತು ಬಿಟ್ಟೇ ಹೋಗುತ್ತದೆ. ಅರ್ಥಶಾಸ್ತ್ರಜ್ಞರಾದ ಉಲ್ರಿಕೆ ಮಾಲ್ಮೆಂಡಿಯರ್ ಮತ್ತು ಸ್ಟೀಫನ್ ನಾಗೆಲ್ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಷೇರುಪೇಟೆಯ ಕೆಟ್ಟ ಕಾಲ ಕಂಡವರು ದಶಕಗಳ ನಂತರವೂ ಷೇರಿಗೆ ದುಡ್ಡು ಹಾಕಲು ಹಿಂಜರಿಯುತ್ತಾರೆ. ಅದರಲ್ಲಿ ಉಳಿದದ್ದು ಅಂಜಿಕೆ. ಅಂಜಿಕೆಯಿಂದ ದಾರ ಉಳಿದೀತು, ಮುಂದಿನ ಬರಕ್ಕೆ ಬೇಕಾದ ದುಡ್ಡು ಕೂಡುವುದಿಲ್ಲ.

ಕೂಡುವುದು ಕೇಳಲು ಯಾರಾದರೂ ಬಂದಾಗ. 1928ರಲ್ಲಿ ಟಿ.ಎಂ.ಎ. ಪೈ ಅವರ ಸಿಂಡಿಕೇಟ್ ಬ್ಯಾಂಕು ಉಡುಪಿಯ ಕಡೆ ಶುರು ಮಾಡಿದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆ ಸಾಕಿತ್ತು, ಏಜೆಂಟರೇ ಮನೆಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಸುಮಾರು ಒಂದು ಶತಮಾನದ ಮೇಲೂ ನಮ್ಮ ಪೇಟೆಯ ಅಂಗಡಿಕಾರ ಸಂಜೆ ಗಲ್ಲಾದಿಂದ ಪಿಗ್ಮಿಯವನ ನೋಟನ್ನು ಮೊದಲೇ ತೆಗೆದು ಬದಿಗಿಡುತ್ತಾನೆ. ವ್ಯಾಪಾರ ಚೆನ್ನಾಗಿದ್ದ ದಿನವೂ ಅಷ್ಟೇ, ಇಲ್ಲದ ದಿನವೂ ಅಷ್ಟೇ. ಹಳ್ಳಿಗಳ ಸ್ತ್ರೀಶಕ್ತಿ ಸಂಘ, ಧರ್ಮಸ್ಥಳ ಸಂಘಗಳ ವಾರದ ಉಳಿತಾಯ ನಡೆಯುವುದೂ ಹೀಗೆಯೇ: ಪುಸ್ತಕದಲ್ಲಿ ತನ್ನ ಹೆಸರಿನ ಮುಂದೆ ಖಾಲಿ ಬಿಡಲು ಯಾವ ಹೆಂಗಸಿಗೂ ಮನಸ್ಸಾಗುವುದಿಲ್ಲ. ಕೂಲಿ ಮಾಡುವವರಿಗೆ ಉಳಿಸಲು ಏನಿದೆ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ನ್ಯಾಯವಾದದ್ದು. ಹೊಟ್ಟೆಗೆ ಸಾಲದವರಿಗೆ ಮಿತವ್ಯಯ ಬೋಧಿಸುವುದು ಅನ್ಯಾಯ. ನನ್ನ ಮಾತು ಸುಗ್ಗಿಯಲ್ಲಿ ಒಮ್ಮೆಗೇ ದುಡ್ಡು ಕಾಣುವವರ ಬಗ್ಗೆ. ಅವರ ಬಾಗಿಲಿಗೆ ಸುಗ್ಗಿಯ ದಿನ ಬರುವವರು ಟ್ರ್ಯಾಕ್ಟರ್ ಕಂತಿನವರು ಮತ್ತು ಬೈಕ್ ಮಾರುವವರು ಮಾತ್ರ.

ಸುಗ್ಗಿಯ ದುಡ್ಡಿಗೂ ಒಂದು ದಾರಿ ಇದೆ. ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ಅಮೆರಿಕದ ಒಂದು ಕಂಪನಿಯಲ್ಲಿ ನೌಕರರಿಂದ ಮುಂದಿನ ಸಂಬಳ ಏರಿಕೆಯ ಒಂದು ಪಾಲನ್ನು ಮುಂಚೆಯೇ ಉಳಿತಾಯಕ್ಕೆ ಬರೆಸಿಕೊಂಡರು. ಒಪ್ಪಿದವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ 3.5ರಿಂದ 13.6ಕ್ಕೆ ಏರಿತು. ನಮ್ಮ ಸಹಕಾರಿ ಸೊಸೈಟಿಗಳೂ ಇದನ್ನು ಮಾಡಬಹುದು. ಮಳೆಗಾಲಕ್ಕೆ ಮುಂಚೆ ಬೆಳೆಸಾಲದ ಕಾಗದಕ್ಕೆ ಸಹಿ ಹಾಕುವಾಗಲೇ, ಹುಟ್ಟುವಳಿಯ ದುಡ್ಡಿನಲ್ಲಿ ನೂರಕ್ಕೆ ಐದು ಠೇವಣಿಗೆ ಹೋಗಲಿ ಎಂದು ಇಚ್ಛೆ ಇದ್ದ ಸದಸ್ಯರಿಂದ ಬರೆಸಿಕೊಳ್ಳಲಿ; ಬೇಡವೆನಿಸಿದರೆ ಯಾವಾಗಲಾದರೂ ಬಿಡಿಸಿಕೊಳ್ಳುವ ಹಕ್ಕೂ ಇರಲಿ. ಸೊಸೈಟಿಯ ಮೂಲಕವೇ ಮಾರಾಟವಾಗುವ ಅಡಿಕೆಗೆ ಇದು ಸುಲಭ. ಗೋವಿನಜೋಳದ ದುಡ್ಡು ವ್ಯಾಪಾರಿಯಿಂದ ನೇರ ರೈತನ ಕೈಗೆ ಬರುತ್ತದೆ. ಅಲ್ಲಿ ಕಣ ಎತ್ತುವ ವಾರ ಪಿಗ್ಮಿಯವನು ಪೇಟೆ ಬಿಟ್ಟು ಊರೂರಿಗೆ ಹೋಗಬೇಕು.