ಒದ್ದಾಡಿ ಸತ್ತ ಮೀನು ಬೇಗ ಮೆತ್ತಗಾಗುವುದೇಕೆ?

ಮೀನು ಕೊಳ್ಳುವಾಗ ಮನೆಯ ಹಿರಿಯರು ಅದನ್ನು ಬೆರಳಿನಿಂದ ಒತ್ತಿ ನೋಡುವುದನ್ನು ನೀವು ಗಮನಿಸಿರಬಹುದು. ಒತ್ತಿದ ಗುಳಿ ಕೂಡಲೇ ಮೇಲೆದ್ದರೆ ತಾಜಾ, ಹಾಗೆಯೇ ಉಳಿದರೆ ಹಳತು ಎಂಬುದು ಅವರ ಲೆಕ್ಕ. ಆದರೆ ಒಂದೇ ದಿನ ಹಿಡಿದ, ಒಂದೇ ಜಾತಿಯ ಎರಡು ಮೀನುಗಳಲ್ಲಿ ಒಂದು ಗಟ್ಟಿಯಾಗಿ, ಇನ್ನೊಂದು ಮೆತ್ತಗೆ ಇರುವುದುಂಟು. ಇದಕ್ಕೆ ಒಂದು ಮುಖ್ಯ ಕಾರಣ, ಸಾಯುವ ಮುನ್ನ ಮೀನು ಕಳೆದ ಕೊನೆಯ ಕೆಲವು ನಿಮಿಷಗಳು. ಪ್ರಥಮ ಪಿಯುಸಿಯ ಸ್ನಾಯು ಸಂಕೋಚನದ ಪಾಠ ನೆನಪಿದ್ದರೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಸಾವಿನ ನಂತರ ನಡೆಯುವುದೇನು?

ಸ್ನಾಯುವಿನಲ್ಲಿ ಮಯೋಸಿನ್ ಎಳೆಗಳು ಆಕ್ಟಿನ್ ಎಳೆಗಳನ್ನು ಹಿಡಿದು ಎಳೆಯುತ್ತವೆ. ಹಿಡಿತ ಬಿಡಲು ಎಟಿಪಿ ಬೇಕು. ಹೃದಯ ನಿಂತಾಗ ಆಮ್ಲಜನಕದ ಪೂರೈಕೆ ನಿಲ್ಲುತ್ತದೆ, ಆದರೆ ಜೀವಕೋಶಗಳ ಕೆಲಸ ಆ ಕ್ಷಣದಲ್ಲೇ ನಿಲ್ಲುವುದಿಲ್ಲ. ಕ್ರಿಯಾಟಿನ್ ಫಾಸ್ಫೇಟ್ ಸ್ವಲ್ಪ ಹೊತ್ತು ಎಟಿಪಿ ಒದಗಿಸುತ್ತದೆ. ಗ್ಲೈಕೋಜನ್ ಆಮ್ಲಜನಕವಿಲ್ಲದೆ ಒಡೆದು ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಆಗ, ಬದುಕಿದ್ದಾಗ 7ಕ್ಕಿಂತ ತುಸು ಮೇಲಿದ್ದ ಪಿಹೆಚ್ ಇಳಿಯತೊಡಗುತ್ತದೆ. ಎಟಿಪಿ ಮುಗಿದಾಗ ಮಯೋಸಿನ್‌ನ ಹಿಡಿತ ಬಿಡುವುದಿಲ್ಲ, ದೇಹ ಸೆಟೆದುಕೊಳ್ಳುತ್ತದೆ. ಇದೇ ರಿಗರ್ ಮಾರ್ಟಿಸ್. ಮುಂದೆ ಕಿಣ್ವಗಳು ಪ್ರೋಟೀನುಗಳನ್ನು ಕತ್ತರಿಸುತ್ತಾ ಹೋದಂತೆ ಮಾಂಸ ಮೆತ್ತಗಾಗುತ್ತದೆ.

ಒದ್ದಾಟದ ಪರಿಣಾಮ

ಮೀನಿನ ದೇಹದ ಹೆಚ್ಚಿನ ಭಾಗ ಬಿಳಿ ಸ್ನಾಯು. ಅದು ಹಠಾತ್ ಓಟಕ್ಕೆ ಮೀಸಲು. ಆಮ್ಲಜನಕ ಕಾಯದೆ ಕೆಲಸ ಮಾಡುತ್ತದೆ. ಬಲೆಯಲ್ಲಿ ಇಕ್ಕಟ್ಟಾದಾಗ, ನೀರಿನಿಂದ ಹೊರಬಂದಾಗ ಅಡ್ರಿನಲಿನ್, ಕಾರ್ಟಿಸಾಲ್ ಏರುತ್ತವೆ, ಮೀನು ಒದ್ದಾಡುತ್ತದೆ. ಎಟಿಪಿ, ಗ್ಲೈಕೋಜನ್ ಎರಡೂ ಕರಗುತ್ತವೆ, ಆಮ್ಲ ಸಾಯುವ ಮೊದಲೇ ಸೇರುತ್ತದೆ.

ಚಾರ್ಜರ್ ತೆಗೆದ ಎರಡು ಮೊಬೈಲುಗಳನ್ನು ಊಹಿಸಿ: ಒಂದರಲ್ಲಿ ಶೇ. 90 ಚಾರ್ಜ್, ಇನ್ನೊಂದರಲ್ಲಿ ಶೇ. 10. ಒದ್ದಾಡಿ ಸತ್ತ ಮೀನು ಎರಡನೆಯದು. ಅದು ಬೇಗನೆ, ಬಲವಾಗಿ ಸೆಟೆಯುತ್ತದೆ. ದೇಹ ಇನ್ನೂ ಬೆಚ್ಚಗಿರುವಾಗಲೇ ಪಿಹೆಚ್ ಇಳಿದರೆ ಪ್ರೋಟೀನುಗಳು ಕೆಟ್ಟು ನೀರು ಹಿಡಿದಿಡಲಾರವು. ಮಾಂಸದಿಂದ ನೀರು ಸೋರುತ್ತದೆ, ಪದರಗಳು ಬಿಟ್ಟುಕೊಳ್ಳುತ್ತವೆ.

ಇಲ್ಲಿ ಒಂದು ಎಚ್ಚರಿಕೆ. ಒತ್ತಡವಾದರೆ ಅಂತಿಮ ಪಿಹೆಚ್ ಕಡಿಮೆಯೇ ಇರುತ್ತದೆ ಎಂದು ಬರೆಯಬೇಡಿ. ಒತ್ತಡದಿಂದ ಇಳಿಕೆ ಬೇಗ ಶುರುವಾಗುತ್ತದೆ, ನಿಜ. ಆದರೆ ಬಹಳ ಹೊತ್ತು ದಣಿದು ಗ್ಲೈಕೋಜನ್ ಬರಿದಾದ ಮೀನಿನಲ್ಲಿ ಆಮ್ಲಕ್ಕೆ ಕಚ್ಚಾವಸ್ತುವೇ ಇರುವುದಿಲ್ಲ. ಅಂತಿಮ ಪಿಹೆಚ್ ಮೇಲೆಯೇ ಉಳಿಯಬಹುದು. ಅಂತಹ ಮಾಂಸದಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಅನುಕೂಲ ಹೆಚ್ಚು.

ಜಪಾನಿನ ಪದ್ಧತಿ

ಟ್ಯೂನಾ ತನ್ನ ಸ್ನಾಯುವನ್ನು ಸುತ್ತಲಿನ ನೀರಿಗಿಂತ ಬೆಚ್ಚಗೆ ಇಟ್ಟುಕೊಳ್ಳುವ ಮೀನು. ಗಾಳದಲ್ಲಿ ಸೆಣಸಿದರೆ ಶಾಖ, ಆಮ್ಲ ಎರಡೂ ಏರಿ ಮಾಂಸ ಬೆಂದಂತೆ ಬಿಳಿಚಬಹುದು. ಜಪಾನಿನ ‘ಇಕೆಜಿಮೆ’ ಪದ್ಧತಿಯಲ್ಲಿ ಚೂಪಾದ ಮೊಳೆಯಿಂದ ಮೀನಿನ ಮೆದುಳನ್ನು ಒಮ್ಮೆಗೇ ಚುಚ್ಚುತ್ತಾರೆ, ರಕ್ತ ಬಸಿಯುತ್ತಾರೆ; ಬೆನ್ನುಹುರಿಯೊಳಗೆ ತಂತಿ ತೂರಿಸುವುದೂ ಉಂಟು. ಸ್ನಾಯುಗಳ ಅದಿರಾಟ ನಿಂತು ಎಟಿಪಿ ಉಳಿಯುತ್ತದೆ. ಅದು ನಿಧಾನವಾಗಿ ಒಡೆದು ರುಚಿ ಕೊಡುವ ಐಎಂಪಿಯಾಗುತ್ತದೆ. ಅದೂ ಒಡೆದರೆ ಕೊನೆಗೆ ಕಹಿಯ ಹೈಪೋಕ್ಸಾಂಥೀನ್. ಈ ಸರಪಳಿ ಎಷ್ಟು ಮುಂದೆ ಸಾಗಿದೆ ಎಂಬುದನ್ನು ಅಳೆದು ತಾಜಾತನ ಹೇಳುವ ‘ಕೆ ಮೌಲ್ಯ’ವನ್ನು ಜಪಾನಿನ ವಿಜ್ಞಾನಿಗಳು 1959ರಲ್ಲಿ ಮಂಡಿಸಿದರು.

ನಮ್ಮಲ್ಲಿ?

ಒಂದೇ ಬಲೆಯಲ್ಲಿ ಸಾವಿರಾರು ಬಂಗುಡೆ, ಬೂತಾಯಿ ಬರುವಾಗ ಒಂದೊಂದನ್ನೂ ಚುಚ್ಚಲಾಗದು. ಬಲೆ ಎಳೆಯುವ ಹೊತ್ತನ್ನು ಕಡಿಮೆ ಮಾಡಬಹುದು, ತಡಮಾಡದೆ ಐಸ್ ಹಾಕಬಹುದು. ಕೆರೆಯ ಕಾಟ್ಲಾ, ರೋಹುಗಳನ್ನಾದರೆ ತಂಪು ಹೊತ್ತಿನಲ್ಲಿ, ಬಹಳ ಹೊತ್ತು ಒತ್ತೊತ್ತಾಗಿ ಇಡದೆ ಹಿಡಿದು, ತಲೆಗೆ ಒಂದೇ ಬಲವಾದ ಏಟಿನಿಂದ ಪ್ರಜ್ಞೆ ತಪ್ಪಿಸಬಹುದು. ಐಸ್ ಕೆಡುವಿಕೆಯನ್ನು ನಿಧಾನಗೊಳಿಸೀತು, ಖರ್ಚಾದ ಎಟಿಪಿಯನ್ನು ಮರಳಿ ಕೊಡಲಾರದು. ಮೀನು ಸಂಕಟಪಟ್ಟ ನಿಮಿಷಗಳೇ ಮಾಂಸವನ್ನು ಕೆಡಿಸುವ ನಿಮಿಷಗಳೂ ಹೌದು. ಆ ಸಂಕಟವನ್ನು ಮೊಟಕುಗೊಳಿಸುವುದರಿಂದ ಹಿಡಿಯುವವರಿಗೂ ತಿನ್ನುವವರಿಗೂ ನಷ್ಟವಿಲ್ಲ.

ಯೋಚಿಸಿ ಉತ್ತರಿಸಿ

1. ಎಟಿಪಿ ಮುಗಿದಾಗ ಸ್ನಾಯು ಸಡಿಲವಾಗದೆ ಸೆಟೆಯುವುದೇಕೆ?
2. ದಣಿದ ಮೀನಿನ ಅಂತಿಮ ಪಿಹೆಚ್ ಹೆಚ್ಚಿರಲು ಕಾರಣವೇನು?
3. ಮೆದುಳು ಚುಚ್ಚಿದ ಮೇಲೂ ಬೆನ್ನುಹುರಿಗೆ ತಂತಿ ತೂರಿಸುವುದರ ಉದ್ದೇಶವೇನು?