ಕೆಚ್ಚಲು ತೊಳೆದರೆ ಸಾಲದು, ಒರೆಸಬೇಕು

ಗುಬ್ಬಿ ತಾಲ್ಲೂಕಿನ ಕಡಬದ ಸುತ್ತಮುತ್ತ ಅಡಿಕೆ, ತೆಂಗಿನ ತೋಟ ಮಾಡಿಕೊಂಡಿರುವ ಸಣ್ಣ ಹಿಡುವಳಿದಾರರಲ್ಲಿ ಅನೇಕರ ಮನೆಯಲ್ಲಿ ಒಂದೆರಡು ಕರೆಯುವ ಹಸುಗಳುಂಟು. (ದಕ್ಷಿಣ ಕನ್ನಡದಲ್ಲಿಯೂ ಒಂದು ಕಡಬವಿದೆ, ನಾವು ಹೇಳುತ್ತಿರುವುದು ಶಿಂಷಾ ಹೊಳೆಯ ನೀರು ತುಂಬುವ ದೊಡ್ಡ ಕೆರೆಯ ಕಡಬ.) ಅಡಿಕೆಯ ಹಣ ವರ್ಷಕ್ಕೊಮ್ಮೆ ಕೈಸೇರಿದರೆ, ಸಂತೆಯ ಖರ್ಚು ನಡೆಯುವುದು ಡೈರಿಯ ಬಟವಾಡೆಯಿಂದ. ಆದ್ದರಿಂದ ಕ್ಯಾನಿನಲ್ಲಿ ಹಾಲು ಒಡೆಯಿತೆಂದರೆ ಅಥವಾ ಹಸುವಿಗೆ ಕೆಚ್ಚಲು ಬಾವು ಬಂದಿತೆಂದರೆ ಅದರ ಪೆಟ್ಟು ನೇರವಾಗಿ ಅಡುಗೆಮನೆಗೆ ಬೀಳುತ್ತದೆ.

ತೋಟಗಾರನಿಗೆ ಹಸು ಬೇಕಾಗಿರುವುದು ಹಾಲಿಗೆ ಮಾತ್ರವಲ್ಲ, ಗೊಬ್ಬರಕ್ಕೂ ಹೌದು. ಸೊಪ್ಪು, ತರಗು, ಒಣ ಸೋಗೆಯ ಚೂರುಗಳನ್ನು ಹಸುವಿನ ಕೆಳಗೆ ಹರಡಿ, ಸಗಣಿ ಗಂಜಲದಲ್ಲಿ ಚೆನ್ನಾಗಿ ನೆನೆಯಲೆಂದು ಹಲವು ದಿನ ಹಾಗೆಯೇ ಬಿಡುವುದುಂಟು. ಅಡಿಕೆ ಮರಕ್ಕೆ ಇದು ಒಳ್ಳೆಯದೇ. ಆದರೆ ಆ ಹಸಿ ಹಾಸಿನ ಬಿಸುಪಿನಲ್ಲಿ ಲಕ್ಷಾಂತರ ರೋಗಾಣುಗಳು ಬೆಳೆಯುತ್ತವೆ. ಹಸು ಮಲಗಿದಾಗ ಅದರ ಮೊಲೆಗಳು ಊರುವುದು ಅದರ ಮೇಲೆಯೇ. ಹಾಗಾದರೆ ಗೊಬ್ಬರ ಬಿಡಬೇಕೆ? ಬೇಕಿಲ್ಲ. ನೆನೆದ ಹಾಸನ್ನು ಪ್ರತಿದಿನ ಬೆಳಿಗ್ಗೆ ತಿಪ್ಪೆಗೆ ಎಳೆದು, ಗಂಜಲವನ್ನು ಕಾಲುವೆ ಮಾಡಿ ತಿಪ್ಪೆಗೇ ಹರಿಸಿದರೆ ಅದು ಅಲ್ಲಿಯೇ ಕೊಳೆಯುತ್ತದೆ. ಹಸು ಮಲಗುವ ಜಾಗಕ್ಕೆ ಮಾತ್ರ ದಿನವೂ ಒಣ ಹಾಸು ಬೀಳಬೇಕು. ಕೊಟ್ಟಿಗೆ ಒದ್ದೆಯಾಗಿದ್ದರೆ ಮುಂದೆ ಹೇಳುವ ಯಾವ ಉಪಾಯವೂ ಅರ್ಧದಷ್ಟೂ ಫಲ ಕೊಡದು.

ಇನ್ನು ಕರೆಯುವ ಹೊತ್ತು. ನಮ್ಮಲ್ಲಿ ಹೆಚ್ಚಿನವರು ಮಾಡುವುದೇನೆಂದರೆ, ಒಂದು ಚೊಂಬು ನೀರನ್ನು ಇಡೀ ಕೆಚ್ಚಲಿಗೆ ಎರಚಿ, ಕೈಯಿಂದ ಸವರಿ, ಒಡನೆಯೇ ಕರೆಯಲು ಕೂರುವುದು. ಇದರಿಂದ ಆಗುವ ಹಾನಿಯೇ ಹೆಚ್ಚು. ಕೆಚ್ಚಲಿನ ಮೇಲ್ಭಾಗದ ಕೊಳೆಯೆಲ್ಲ ಕರಗಿ ನೀರಿನೊಂದಿಗೆ ಮೊಲೆಯ ತುದಿಗೆ ಇಳಿದು, ಅಲ್ಲಿಂದ ಹನಿಹನಿಯಾಗಿ ಹಾಲಿನ ಪಾತ್ರೆಗೇ ಬೀಳುತ್ತದೆ. ತೊಳೆಯಬೇಕಾದದ್ದು ಮೊಲೆಗಳನ್ನು, ಅದೂ ಕಡಿಮೆ ನೀರಿನಲ್ಲಿ. ತೊಳೆದ ಮೇಲೆ ಒಗೆದು ಬಿಸಿಲಿನಲ್ಲಿ ಒಣಗಿಸಿದ ಬಟ್ಟೆಯಿಂದ, ಮುಖ್ಯವಾಗಿ ಮೊಲೆಯ ತುದಿಯನ್ನು, ಒತ್ತಿ ಒರೆಸಬೇಕು. ಒಂದು ಹಸುವಿಗೆ ಒಂದು ಬಟ್ಟೆ. ಹಳೆಯ ಪಂಚೆಯೊಂದನ್ನು ಹರಿದರೆ ಬೇಕಾದಷ್ಟು ತುಂಡುಗಳಾಗುತ್ತವೆ. ಕರು ಬಿಟ್ಟು ಕರೆಯುವವರು ಕರುವನ್ನು ಎಳೆದು ಕಟ್ಟಿದ ಮೇಲೆ ತೊಳೆಯಬೇಕೇ ಹೊರತು ಮೊದಲಲ್ಲ. ಕರುವಿನ ಜೊಲ್ಲೂ ಕೊಳೆಯೇ.

ಪೊಟ್ಯಾಸಿಯಂ ಪರ್ಮಾಂಗನೇಟ್ ಬಳಸುವವರು ಒಂದು ವಿಷಯ ನೆನಪಿಡಬೇಕು. ನೀರು ತೆಳು ಗುಲಾಬಿ ಬಣ್ಣಕ್ಕೆ ಬಂದರೆ ಸಾಕು, ಕಡುಬಣ್ಣವಾದರೆ ಮೊಲೆಯ ಚರ್ಮ ಒಡೆಯುತ್ತದೆ. ಸಗಣಿ ಸೇರಿ ನೀರು ಕಂದುಬಣ್ಣಕ್ಕೆ ತಿರುಗಿತೆಂದರೆ ಔಷಧಿಯ ಶಕ್ತಿ ಮುಗಿಯಿತೆಂದೇ ಅರ್ಥ. ಒಂದೇ ಬಕೆಟ್ಟು, ಒಂದೇ ಬಟ್ಟೆಯಲ್ಲಿ ಕೊಟ್ಟಿಗೆಯ ಎಲ್ಲ ಹಸುಗಳನ್ನೂ ಒರೆಸುವುದು ರೋಗವನ್ನು ಹಂಚಿದಂತೆ. ತೋಟಕ್ಕೆ ಔಷಧಿ ಕದಡಿದ ಬಕೆಟ್ಟನ್ನು ಕೊಟ್ಟಿಗೆಗೆ ತರುವುದಂತೂ ಕೂಡದು.

ಕೈಯ ಮಾತೂ ಇದೆ. ಅಡಿಕೆ ಸುಲಿಯುವ ಕಾಲದಲ್ಲಿ ಬೆರಳುಗಳು ಕರೆಗಟ್ಟಿ ಬಿರಿದಿರುತ್ತವೆ. ಬಿರುಕುಗಳಲ್ಲಿ, ಸಣ್ಣ ಗಾಯಗಳಲ್ಲಿ ನೆಲೆಸುವ ಸ್ಟೆಫಿಲೊಕಾಕಸ್ ಎಂಬ ರೋಗಾಣು ಕೆಚ್ಚಲು ಬಾವಿಗೆ ಒಂದು ಮುಖ್ಯ ಕಾರಣ. ಸೋಪು ಹಚ್ಚಿ ತೊಳೆಯದೆ, ಉಗುರು ತೆಗೆಯದೆ ಕರೆಯಬಾರದು. ಗಾಯವಿರುವವರು ಮನೆಯ ಬೇರೆಯವರಿಗೆ ಆ ಕೆಲಸ ಬಿಡುವುದು ಮೇಲು. ಹೆಬ್ಬೆರಳು ಮಡಚಿ ಗಿಣ್ಣಿನಿಂದ ಒತ್ತಿ ಕರೆದರೆ ಮೊಲೆಯ ಒಳಪದರಕ್ಕೆ ಪೆಟ್ಟಾಗುತ್ತದೆ. ಇಡೀ ಮುಷ್ಟಿಯಿಂದ ಕರೆಯಿರಿ. ಮೊಲೆ ಸವರಿದೊಡನೆ ಹಸು ಹಾಲಿಳಿಸುತ್ತದೆ, ಆ ಪ್ರಭಾವ ಐದಾರು ನಿಮಿಷವಷ್ಟೇ ಇರುವುದರಿಂದ ನಡುವೆ ಎದ್ದು ಹೋಗಬೇಡಿ.

ಪ್ರತಿ ಮೊಲೆಯ ಮೊದಲ ಎರಡು ಮೂರು ಧಾರೆಗಳನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಕರೆದು ನೋಡಿ, ನೆಲಕ್ಕಲ್ಲ. ಗರಣೆ, ನೀರುಹಾಲು, ರಕ್ತದೆಳೆ ಕಂಡರೆ ಬಾವು ಬಂದಿದೆ ಎಂದರ್ಥ.

ಕರೆದು ಮುಗಿದ ಮೇಲೂ ಕೆಲಸ ಉಳಿದಿದೆ. ಮೊಲೆಯ ತುದಿಯ ರಂಧ್ರ ಪೂರ್ತಿ ಮುಚ್ಚಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಶೇಕಡ 0.5ರ ಅಯೋಡಿನ್ ಮತ್ತು ಗ್ಲಿಸರಿನ್ ಇರುವ ದ್ರಾವಣ ಪಶು ಔಷಧಿ ಅಂಗಡಿಗಳಲ್ಲಿ ದೊರೆಯುತ್ತದೆ. ಸಣ್ಣ ಬಟ್ಟಲಿನಲ್ಲಿ ಅದನ್ನು ಹಾಕಿ ನಾಲ್ಕೂ ಮೊಲೆಗಳನ್ನು ಅದ್ದಿ, ಉಳಿದದ್ದನ್ನು ಚೆಲ್ಲಿ. ಸೀಸೆಗೆ ತಿರುಗಿ ಸುರಿಯಬೇಡಿ. ಬಳಿಕ ಒಂದು ಹೊರೆ ರಾಗಿ ಹುಲ್ಲು ಮುಂದಿಟ್ಟರೆ ಹಸು ಮೇಯುತ್ತಾ ನಿಂತೇ ಇರುತ್ತದೆ. ಖರ್ಚಿಲ್ಲದ ಔಷಧಿಯೆಂದರೆ ಇದು.

ಕಣ್ಣಿಗೆ ಕಾಣದ ಬಾವು ಇನ್ನೂ ಕೆಟ್ಟದ್ದು. ಹಾಲು ನೋಡಲು ಚೆನ್ನಾಗಿಯೇ ಇದ್ದು, ಅಳತೆ ಮಾತ್ರ ಕುಗ್ಗುತ್ತಾ ಬರುತ್ತದೆ. ಇದನ್ನು ಮನೆಯಲ್ಲೇ ಪತ್ತೆ ಮಾಡಬಹುದು. ಬಟ್ಟೆ ಒಗೆಯುವ ಸೋಪಿನ ಪುಡಿಯನ್ನು ಅರ್ಧ ಲೀಟರ್ ನೀರಿಗೆ ಆರು ಟೀ ಚಮಚೆಯಂತೆ ಕಲಸಿ, ಒಂದೊಂದು ಮೊಲೆಯ ಹಾಲಿಗೂ ಬೇರೆಬೇರೆಯಾಗಿ ಸಮಪ್ರಮಾಣದಲ್ಲಿ ಸೇರಿಸಿ ಒಂದು ನಿಮಿಷ ತಿರುಗಿಸಿ. ಮಿಶ್ರಣ ಲೋಳೆಯಂತೆ ಗಟ್ಟಿಯಾದರೆ ಆ ಮೊಲೆಯಲ್ಲಿ ಬಾವಿದೆಯೆಂದು ತಿಳಿಯಬೇಕು. ಹದಿನೈದು ದಿನಕ್ಕೊಮ್ಮೆ ಹೀಗೆ ನೋಡುವುದು ಒಳ್ಳೆಯದು.

ಅಂಥ ಹಸುವನ್ನು ಎಲ್ಲಕ್ಕಿಂತ ಕೊನೆಗೆ ಕರೆದು, ಪಶುವೈದ್ಯರಿಗೆ ತೋರಿಸಿ. ಚುಚ್ಚುಮದ್ದು ಹಾಕಿಸಿದಾಗ ಎಷ್ಟು ದಿನ ಹಾಲು ಬಳಸಬಾರದೆಂದು ಕೇಳಿಕೊಂಡು, ಅಷ್ಟು ದಿನವೂ ಆ ಹಾಲನ್ನು ಡೈರಿಗೆ ಹಾಕಬೇಡಿ. ನಮ್ಮ ಎರಡು ಲೀಟರು ಊರಿನವರೆಲ್ಲರ ಹಾಲಿನೊಡನೆ ಬೆರೆತು ತುಮಕೂರಿನ ಮಲ್ಲಸಂದ್ರದ ಡೈರಿ ಸೇರುತ್ತದೆ. ಶೈತ್ಯಘಟಕದ 4 ಡಿಗ್ರಿ ತಂಪು ರೋಗಾಣುಗಳ ಬೆಳವಣಿಗೆಯನ್ನು ತಡೆಹಿಡಿಯುತ್ತದೆಯೇ ವಿನಾ ಅವನ್ನು ಕೊಲ್ಲುವುದಿಲ್ಲ, ಔಷಧಿಯ ಅಂಶವನ್ನೂ ತೆಗೆಯುವುದಿಲ್ಲ.