ಕೇಬಲ್ ಜಾಲದ ದೂರವಾಣಿ ಮತ್ತು ದತ್ತ ಸೇವೆಗಳ ಹಿಂದಿರುವ ಬೆಂಬಲ ವ್ಯವಸ್ಥೆ

ಪೀಠಿಕೆ

ಒಂದೇ ತಂತಿಯು ಮನೆಯೊಳಕ್ಕೆ ಚಿತ್ರವನ್ನೂ ಮಾತನ್ನೂ ಮಾಹಿತಿಯನ್ನೂ ಹೊತ್ತು ತರುವುದು ಇಂದು ಯಾರಿಗೂ ಆಶ್ಚರ್ಯದ ಸಂಗತಿಯಾಗಿ ಉಳಿದಿಲ್ಲ. ತಂತಿ ಕಣ್ಣಿಗೆ ಕಾಣುತ್ತದೆ, ಪೆಟ್ಟಿಗೆ ಕೈಗೆ ಸಿಗುತ್ತದೆ. ಆದರೆ ಈ ತಂತಿ ಯಾರ ಮನೆಗೆ ಹೋಗಿದೆ, ಆ ಮನೆಯ ದೂರವಾಣಿಯ ಸಂಖ್ಯೆ ಯಾವುದು, ಅವರು ಎಷ್ಟು ವೇಗದ ಸೇವೆಗೆ ಹಣ ತೆತ್ತಿದ್ದಾರೆ, ತಂತಿ ಕೆಟ್ಟರೆ ಎಲ್ಲಿ ಹುಡುಕಬೇಕು ಎಂಬುದನ್ನು ತಿಳಿದಿರುವ ಮತ್ತೊಂದು ವ್ಯವಸ್ಥೆಯು ತೆರೆಯ ಮರೆಯಲ್ಲಿ ಕೆಲಸ ಮಾಡುತ್ತಿರುತ್ತದೆ. ಇದನ್ನೇ ಕಾರ್ಯಾಚರಣಾ ಬೆಂಬಲ ವ್ಯವಸ್ಥೆ ಎಂದು ಕರೆಯುತ್ತಾರೆ. ಆಂಗ್ಲ ಹೆಸರಿನ ಮೊದಲಕ್ಷರಗಳಿಂದ ಇದು ಓ.ಎಸ್.ಎಸ್. ಎಂದೇ ಪ್ರಸಿದ್ಧವಾಗಿದೆ.

ಹೊಲವು ನೆಲದ ಮೇಲಿದ್ದರೂ ಅದರ ಒಡೆತನ, ವಿಸ್ತೀರ್ಣ, ಸರಹದ್ದುಗಳು ಇರುವುದು ಪಹಣಿಯಲ್ಲಿ. ಪಹಣಿ ತಪ್ಪಿದರೆ ಉಳುವವನಿಗೆ ಹೊಲವು ಇದ್ದೂ ಇಲ್ಲದಂತಾಗುತ್ತದೆ. ದೂರಸಂಪರ್ಕ ಜಾಲದ ಸ್ಥಿತಿಯೂ ಹಾಗೆಯೇ. ನೆಲದ ಮೇಲಿನ ಜಾಲವೂ ದಾಖಲೆಯೊಳಗಿನ ಜಾಲವೂ ಒಂದಾಗಿರುವವರೆಗೆ ಮಾತ್ರ ಸೇವೆಯು ಸೇವೆಯೆನಿಸುತ್ತದೆ. ಈ ಒಂದು ತತ್ತ್ವವನ್ನು ಮುಂದಿಟ್ಟುಕೊಂಡು, ಈ ವ್ಯವಸ್ಥೆಯು ವಿಶೇಷವಾಗಿ ಬೆಳೆದ ಅಮೆರಿಕದ ಕೇಬಲ್ ಜಾಲಗಳ ಉದಾಹರಣೆಯಿಂದ ವಿಷಯವನ್ನು ಪರಿಶೀಲಿಸೋಣ.

ಹಿನ್ನೆಲೆ

ಕೇಬಲ್ ದೂರದರ್ಶನವು 1948ರ ಸುಮಾರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ, ಆರೆಗಾನ್ ಮೊದಲಾದ ರಾಜ್ಯಗಳಲ್ಲಿ, ಆಕಾಶದ ಅಲೆಗಳು ಸರಿಯಾಗಿ ತಲುಪದ ಊರುಗಳಿಗಾಗಿ ಹುಟ್ಟಿತು. ಎತ್ತರದಲ್ಲಿ ಒಂದು ಆಂಟೆನಾ ನಿಲ್ಲಿಸಿ, ಅಲ್ಲಿಂದ ಮನೆಮನೆಗೆ ತಂತಿ ಎಳೆಯುವುದಷ್ಟೇ ಅದರ ಕೆಲಸವಾಗಿತ್ತು. ಸಂಕೇತವು ಕೇಂದ್ರದಿಂದ ಮನೆಗೆ ಮಾತ್ರ ಹರಿಯುತ್ತಿತ್ತು. ಮನೆಯಿಂದ ಕೇಂದ್ರಕ್ಕೆ ಏನೂ ಹಿಂದಿರುಗುತ್ತಿರಲಿಲ್ಲ. ಆದುದರಿಂದ ಅಂದಿನ ದಾಖಲೆಯೂ ಸರಳವಾಗಿತ್ತು. ಚಂದಾದಾರನ ಹೆಸರು, ವಿಳಾಸ, ತಿಂಗಳ ಬಾಕಿ, ಇಷ್ಟಿದ್ದರೆ ಸಾಕಾಗುತ್ತಿತ್ತು.

ದೂರವಾಣಿ ಸಂಸ್ಥೆಗಳ ಸಂಪ್ರದಾಯವು ಬೇರೆಯದಾಗಿತ್ತು. ಅಲ್ಲಿ ಪ್ರತಿಯೊಂದು ಜೋಡಿ ತಂತಿಗೂ ಲೆಕ್ಕವಿತ್ತು. ಬೆಲ್ ದೂರವಾಣಿ ಸಂಸ್ಥೆಯು 1970ರ ದಶಕದಲ್ಲಿಯೇ ಈ ಲೆಕ್ಕಗಳನ್ನು ಗಣಕಯಂತ್ರಕ್ಕೆ ಒಪ್ಪಿಸಿ, ಟರ್ಕ್ಸ್, ಎಲ್.ಎಂ.ಓ.ಎಸ್. ಮುಂತಾದ ಹೆಸರಿನ ದೊಡ್ಡ ವ್ಯವಸ್ಥೆಗಳನ್ನು ಕಟ್ಟಿತ್ತು. 1996ರ ದೂರಸಂಪರ್ಕ ಕಾಯಿದೆಯು ಕೇಬಲ್ ಸಂಸ್ಥೆಗಳಿಗೆ ದೂರವಾಣಿ ಸೇವೆಯ ಬಾಗಿಲನ್ನು ವಿಶಾಲವಾಗಿ ತೆರೆದಾಗ, ಸರಳ ವಹಿಯನ್ನು ಇಟ್ಟುಕೊಂಡಿದ್ದವರು ಈ ಹಿರಿಯ ಸಂಪ್ರದಾಯದ ಭಾರವನ್ನು ಹೊರಬೇಕಾಯಿತು.

1988ರಲ್ಲಿ ಸ್ಥಾಪನೆಯಾಗಿದ್ದ ಕೇಬಲ್‌ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆಯು ದತ್ತ ಸೇವೆಗಾಗಿ 1997ರಲ್ಲಿ ಡಾಕ್ಸಿಸ್ ಎಂಬ ನಿಯಮಾವಳಿಯನ್ನೂ, ಅದರ ಮೇಲೆ ದೂರವಾಣಿಯನ್ನು ನಡೆಸಲು 1999ರಲ್ಲಿ ಪ್ಯಾಕೆಟ್‌ಕೇಬಲ್ ಎಂಬ ನಿಯಮಾವಳಿಯನ್ನೂ ಹೊರತಂದಿತು. ಇವೆರಡರಲ್ಲಿಯೂ ಸಂಕೇತ ಹೇಗೆ ಹರಿಯಬೇಕೆಂಬುದರ ಜೊತೆಗೆ ಬೆಂಬಲ ವ್ಯವಸ್ಥೆಯೊಡನೆ ಯಂತ್ರಗಳು ಹೇಗೆ ಮಾತನಾಡಬೇಕೆಂಬುದೂ ಗೊತ್ತುಪಡಿಸಲ್ಪಟ್ಟಿದೆ.

ವ್ಯವಸ್ಥೆಯ ಅಂಗಗಳು

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಜಾಲ ನಿರ್ವಹಣೆಯ ಕಾರ್ಯಗಳನ್ನು ಐದು ವಿಧವಾಗಿ ವಿಂಗಡಿಸಿದೆ. ದೋಷ, ವಿನ್ಯಾಸ, ಲೆಕ್ಕ, ಕಾರ್ಯಕ್ಷಮತೆ ಮತ್ತು ಭದ್ರತೆ ಎಂಬುವೇ ಆ ಐದು. ವ್ಯವಹಾರದ ದೃಷ್ಟಿಯಿಂದ ನೋಡುವವರು ಇದನ್ನೇ ಸೇವೆಯನ್ನು ಒದಗಿಸುವುದು, ಸೇವೆಯನ್ನು ಕಾಪಾಡುವುದು, ಸೇವೆಗೆ ಬಿಲ್ಲು ಮಾಡುವುದು ಎಂದು ಮೂರಾಗಿ ಹೇಳುತ್ತಾರೆ. ವಿಂಗಡಣೆ ಹೇಗಿದ್ದರೂ ಎಲ್ಲಕ್ಕೂ ತಳಹದಿಯಾಗಿರುವುದು ದಾಸ್ತಾನು ದಾಖಲೆ.

ಕೇಬಲ್ ಜಾಲದಲ್ಲಿ ಮುಖ್ಯ ಕೇಂದ್ರದಿಂದ ಬಡಾವಣೆಯವರೆಗೆ ಬೆಳಕಿನ ಎಳೆ ಇರುತ್ತದೆ. ಅಲ್ಲಿ ನೋಡ್ ಎಂಬ ಪೆಟ್ಟಿಗೆಯು ಬೆಳಕನ್ನು ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸುತ್ತದೆ. ಅಲ್ಲಿಂದ ಮುಂದೆ ಏಕಾಕ್ಷ ತಂತಿಯು ವರ್ಧಕಗಳನ್ನು ದಾಟಿ ಮನೆಗಳನ್ನು ಸೇರುತ್ತದೆ. ಹಳೆಯ ದೂರವಾಣಿಯಲ್ಲಿ ಪ್ರತಿ ಮನೆಗೂ ತನ್ನದೇ ಆದ ಜೋಡಿ ತಂತಿಯಿತ್ತು. ಇಲ್ಲಿಯಾದರೋ ನೂರಾರು ಮನೆಗಳು ಒಂದೇ ಹಾದಿಯನ್ನು ಹಂಚಿಕೊಳ್ಳುತ್ತವೆ. ಯಾವ ಮನೆ ಯಾವ ಕವಲಿನಲ್ಲಿದೆ, ಆ ಕವಲು ಯಾವ ವರ್ಧಕದ ಕೆಳಗಿದೆ, ವರ್ಧಕಕ್ಕೆ ಯಾವ ವಿದ್ಯುತ್ ಪೆಟ್ಟಿಗೆಯಿಂದ ಶಕ್ತಿ ಬರುತ್ತದೆ ಎಂಬುದೆಲ್ಲ ದಾಸ್ತಾನಿನಲ್ಲಿ ಇರಲೇಬೇಕು.

ಸೇವೆಯನ್ನು ಒದಗಿಸುವ ಕ್ರಮ

ಒಬ್ಬ ಗ್ರಾಹಕನು ದೂರವಾಣಿ ಮತ್ತು ದತ್ತ ಸೇವೆ ಬೇಕೆಂದು ಕೇಳಿದನೆಂದು ಇಟ್ಟುಕೊಳ್ಳೋಣ. ಮೊದಲು ಆತನ ವಿಳಾಸವು ಜಾಲದ ವ್ಯಾಪ್ತಿಯೊಳಗಿದೆಯೇ ಎಂದು ನೋಡಲಾಗುತ್ತದೆ. ಅನಂತರ ಒಂದು ಬೇಡಿಕೆಯು ಹಲವು ಕೆಲಸಗಳಾಗಿ ಒಡೆಯುತ್ತದೆ. ದೂರವಾಣಿ ಸಂಖ್ಯೆಯನ್ನು ಗೊತ್ತುಮಾಡುವುದು, ಕರೆ ನಿರ್ವಹಿಸುವ ಯಂತ್ರದಲ್ಲಿ ಅದನ್ನು ನಮೂದಿಸುವುದು, ತುರ್ತು ಸೇವೆಯ ದಾಖಲೆಗೆ ವಿಳಾಸ ಕಳುಹಿಸುವುದು, ಬಿಲ್ಲಿನ ಖಾತೆ ತೆರೆಯುವುದು, ಕೆಲಸಗಾರನನ್ನು ಮನೆಗೆ ಕಳುಹಿಸುವುದು ಇವೇ ಆ ಕೆಲಸಗಳು. ಇವುಗಳಿಗೆ ಒಂದು ಪೂರ್ವಾಪರ ಕ್ರಮವಿದೆ. ಒಂದು ತಪ್ಪಿದರೆ ಮುಂದಿನದು ನಿಲ್ಲಬೇಕು.

ಮನೆಯಲ್ಲಿ ಮೋಡೆಮ್ ಜೋಡಿಸಿದೊಡನೆ ಅದು ಕೇಂದ್ರದ ಸಂಕೇತವನ್ನು ಹುಡುಕಿ, ಸಿ.ಎಂ.ಟಿ.ಎಸ್. ಎಂಬ ಕೇಂದ್ರ ಯಂತ್ರದೊಡನೆ ತನ್ನ ಕಾಲವನ್ನೂ ಶಕ್ತಿಯನ್ನೂ ಹೊಂದಿಸಿಕೊಳ್ಳುತ್ತದೆ. ಬಳಿಕ ತನಗೊಂದು ಜಾಲ ವಿಳಾಸವನ್ನು ಕೇಳುತ್ತದೆ. ಬೆಂಬಲ ವ್ಯವಸ್ಥೆಯು ಮೋಡೆಮಿನ ಹುಟ್ಟುಗುರುತಾದ 48 ಬಿಟ್‌ಗಳ ಸಂಖ್ಯೆಯನ್ನು ನೋಡಿ, ಅದು ಯಾವ ಗ್ರಾಹಕನದೆಂದು ತಿಳಿದು, ವಿಳಾಸದ ಜೊತೆಗೆ ಒಂದು ಕಡತದ ಹೆಸರನ್ನೂ ಕೊಡುತ್ತದೆ. ಆ ಕಡತದಲ್ಲಿ ವೇಗದ ಮಿತಿ ಮೊದಲಾದ ಆಜ್ಞೆಗಳಿರುತ್ತವೆ. ದೂರವಾಣಿಯ ಭಾಗಕ್ಕೆ ಅದೇ ಪೆಟ್ಟಿಗೆಯೊಳಗೆ ಬೇರೊಂದು ಗುರುತು, ಬೇರೊಂದು ಜಾಲ ವಿಳಾಸ, ಬೇರೊಂದು ಕಡತ ಇರುತ್ತವೆ. ಹೀಗೆ ಹೊರನೋಟಕ್ಕೆ ಒಂದಾದ ಪೆಟ್ಟಿಗೆಯು ದಾಖಲೆಯಲ್ಲಿ ಎರಡಾಗಿ ನಿಲ್ಲುತ್ತದೆ. ಈ ಎರಡು ಗುರುತುಗಳು ಅದಲುಬದಲಾದರೆ ದೂರವಾಣಿ ಮೂಕವಾಗುತ್ತದೆ.

ಮಾತಿಗೂ ಮಾಹಿತಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಓಲೆಯೊಂದು ಅರ್ಧ ಕ್ಷಣ ತಡವಾಗಿ ಬಂದರೆ ನಷ್ಟವಿಲ್ಲ, ಮಾತು ಹಾಗಲ್ಲ. ಒಂದು ದಿಕ್ಕಿನ ವಿಳಂಬವು 150 ಮಿಲಿಸೆಕೆಂಡುಗಳೊಳಗೆ ಇರುವುದು ಉತ್ತಮವೆಂದು ಅಂತರರಾಷ್ಟ್ರೀಯ ಶಿಫಾರಸು ಹೇಳುತ್ತದೆ. ಆದುದರಿಂದ 1999ರ ಡಾಕ್ಸಿಸ್ 1.1 ಆವೃತ್ತಿಯಲ್ಲಿ, ಕರೆ ನಡೆಯುವಷ್ಟು ಹೊತ್ತು ಮೋಡೆಮು ಬೇಡದಿದ್ದರೂ ಕೇಂದ್ರ ಯಂತ್ರವು ನಿಗದಿತ ಅಂತರದಲ್ಲಿ ಅದಕ್ಕೆ ಸರದಿ ಕೊಡುವ ಏರ್ಪಾಡು ಬಂದಿತು.

ಸಂಖ್ಯೆಯ ವರ್ಗಾವಣೆ

ಗ್ರಾಹಕನು ತನ್ನ ಹಳೆಯ ದೂರವಾಣಿ ಸಂಖ್ಯೆಯನ್ನು ಬಿಡಲು ಇಚ್ಛಿಸುವುದಿಲ್ಲ. ಬಂಧುಗಳಿಗೂ ವೈದ್ಯರಿಗೂ ಗೊತ್ತಿರುವ ಸಂಖ್ಯೆ ಅದು. ಅಮೆರಿಕದಲ್ಲಿ 1996ರ ಕಾಯಿದೆಯು ಸಂಸ್ಥೆ ಬದಲಾದರೂ ಸಂಖ್ಯೆಯನ್ನು ಉಳಿಸಿಕೊಳ್ಳುವ ಹಕ್ಕನ್ನು ನೀಡಿತು. ವರ್ಗಾಯಿಸಿದ ಪ್ರತಿ ಸಂಖ್ಯೆಗೂ ಒಂದು ಸಾಮಾನ್ಯ ದತ್ತ ಭಂಡಾರದಲ್ಲಿ ಹೊಸ ಯಂತ್ರವನ್ನು ಸೂಚಿಸುವ ಹತ್ತು ಅಂಕಿಗಳ ಮಾರ್ಗಸಂಖ್ಯೆಯನ್ನು ಬರೆಯಲಾಗುತ್ತದೆ. 2009ರಲ್ಲಿ ಅಲ್ಲಿಯ ಸಂಪರ್ಕ ಆಯೋಗವು ಸರಳ ವರ್ಗಾವಣೆಯನ್ನು ಒಂದು ಕೆಲಸದ ದಿನದಲ್ಲಿ ಮುಗಿಸಬೇಕೆಂದು ಆಜ್ಞಾಪಿಸಿತು.

ಇಲ್ಲಿ ಕ್ರಮವೇ ಸರ್ವಸ್ವ. ಹೊಸ ಸಂಸ್ಥೆಯು ಸಿದ್ಧವಾಗುವ ಮೊದಲೇ ಹಳೆಯ ಸಂಸ್ಥೆಯು ಸಂಪರ್ಕ ಕಡಿದರೆ ಮನೆಯಲ್ಲಿ ದೂರವಾಣಿಯೇ ಇಲ್ಲದಂತಾಗುತ್ತದೆ. ಹೊಸ ದೂರವಾಣಿ ನಡೆಯುತ್ತಿದ್ದರೂ ದತ್ತ ಭಂಡಾರದ ನಮೂದು ಬದಲಾಗದಿದ್ದರೆ, ಮನೆಯವರು ಕರೆ ಮಾಡಬಲ್ಲರು, ಅವರಿಗೆ ಬರುವ ಕರೆಗಳು ಮಾತ್ರ ಹಳೆಯ ಯಂತ್ರಕ್ಕೇ ಹೋಗುತ್ತಿರುತ್ತವೆ.

ತುರ್ತು ಕರೆ

ದಾಖಲೆಯ ಮಹತ್ತ್ವವು ಅತ್ಯಂತ ತೀವ್ರವಾಗಿ ಕಾಣುವುದು ಇಲ್ಲಿ. ಅಮೆರಿಕದ ತುರ್ತು ಸಂಖ್ಯೆಯಾದ 911ಕ್ಕೆ ಮೊದಲ ಕರೆಯು 1968ರ ಫೆಬ್ರವರಿ 16ರಂದು ಅಲಬಾಮ ರಾಜ್ಯದ ಹೇಲಿವಿಲ್ ಎಂಬ ಸಣ್ಣ ಊರಿನಿಂದ ಹೋಯಿತು. ಮುಂದೆ ಈ ವ್ಯವಸ್ಥೆಯು ಸುಧಾರಿಸಿ, ಕರೆ ಮಾಡಿದವರ ಸಂಖ್ಯೆಯೊಡನೆ ವಿಳಾಸವೂ ಉತ್ತರಿಸುವವರ ಎದುರಿಗೆ ಮೂಡುವಂತಾಯಿತು. ಆ ವಿಳಾಸವನ್ನು ತಂತಿಯು ಹೇಳುವುದಿಲ್ಲ, ದಾಖಲೆ ಹೇಳುತ್ತದೆ. ಬೇಡಿಕೆಯ ಪತ್ರದಲ್ಲಿ ಬರೆದ ವಿಳಾಸವನ್ನು ಬೀದಿಗಳ ಅಧಿಕೃತ ಪಟ್ಟಿಯೊಡನೆ ತಾಳೆ ನೋಡಿ ತುರ್ತು ದತ್ತ ಭಂಡಾರಕ್ಕೆ ಸೇರಿಸುವುದು ಬೆಂಬಲ ವ್ಯವಸ್ಥೆಯ ಕರ್ತವ್ಯ.

ಎದೆನೋವಿನಿಂದ ಮಾತನಾಡಲಾರದ ವೃದ್ಧನೊಬ್ಬನು ಈ ಸಂಖ್ಯೆಯನ್ನು ಒತ್ತಿದನೆಂದು ಊಹಿಸಿರಿ. ಪೂರ್ವ ಬೀದಿ ಎಂಬಲ್ಲಿ ಪಶ್ಚಿಮ ಬೀದಿ ಎಂದು ನಮೂದಾಗಿದ್ದರೆ ರೋಗಿವಾಹನವು ಬೇರೆ ಬಾಗಿಲನ್ನು ತಟ್ಟುತ್ತದೆ. ಅಂತರಜಾಲದ ಮೂಲಕ ಸಾರ್ವಜನಿಕ ದೂರವಾಣಿಯೊಡನೆ ಕೂಡುವ ಸೇವೆಗಳೂ ಗ್ರಾಹಕನ ನೋಂದಾಯಿತ ಸ್ಥಳದೊಡನೆ ತುರ್ತು ಕರೆಯನ್ನು ತಲುಪಿಸಬೇಕೆಂದು 2005ರಲ್ಲಿ ಅಲ್ಲಿಯ ಆಯೋಗವು ಕಡ್ಡಾಯ ಮಾಡಿದುದು ಈ ಕಾರಣದಿಂದಲೇ. ಗ್ರಾಹಕನು ಪೆಟ್ಟಿಗೆಯನ್ನು ತಾನೇ ಬೇರೆ ಮನೆಗೆ ಒಯ್ದರೆ ಅದರೊಡನೆ ವಿಳಾಸವು ತಾನಾಗಿ ಹೋಗುವುದಿಲ್ಲ. ಮೋಡೆಮು ಬೇರೆ ನೋಡಿನ ಕೆಳಗೆ ಕಾಣಿಸಿಕೊಂಡಿತೆಂಬುದನ್ನು ವ್ಯವಸ್ಥೆಯು ಪತ್ತೆಹಚ್ಚಿ ಪ್ರಶ್ನಿಸಬೇಕಾಗುತ್ತದೆ.

ವಿದ್ಯುತ್ತಿನ ಪ್ರಶ್ನೆಯೂ ಇದರೊಡನೆ ಸೇರಿದೆ. ಹಳೆಯ ದೂರವಾಣಿಗೆ ಶಕ್ತಿಯು ಕೇಂದ್ರದಿಂದಲೇ ಬರುತ್ತಿತ್ತು. ಕೇಬಲ್ ದೂರವಾಣಿಯ ಪೆಟ್ಟಿಗೆಯು ಸಾಮಾನ್ಯವಾಗಿ ಮನೆಯ ವಿದ್ಯುತ್ತನ್ನೇ ನಂಬಿರುತ್ತದೆ. ಆದುದರಿಂದ ಗ್ರಾಹಕನು ಬಯಸಿದರೆ 8 ಗಂಟೆಗಳ ಕಾಲ ನಡೆಯುವ ಬ್ಯಾಟರಿಯ ಅನುಕೂಲವನ್ನು ಒದಗಿಸಬೇಕೆಂದು 2015ರಲ್ಲಿ ಆಯೋಗವು ವಿಧಿಸಿತು.

ದೋಷ ನಿವಾರಣೆ

ಒಂದು ವಿದ್ಯುತ್ ಪೆಟ್ಟಿಗೆ ಕೆಟ್ಟಾಗ ಅದರ ಕೆಳಗಿನ ನೂರಾರು ಮೋಡೆಮುಗಳು ಒಂದೇ ನಿಮಿಷದಲ್ಲಿ ಮೌನವಾಗುತ್ತವೆ. ಅಷ್ಟೂ ಎಚ್ಚರಿಕೆಗಳನ್ನು ಬೇರೆಬೇರೆ ದೋಷಗಳೆಂದು ಬಗೆದರೆ ಕೆಲಸಗಾರರು ಮನೆಮನೆಗೆ ಅಲೆಯಬೇಕಾದೀತು. ದಾಸ್ತಾನು ಸರಿಯಾಗಿದ್ದರೆ ಈ ಮನೆಗಳಿಗೆಲ್ಲ ಸಮಾನವಾದ ಒಂದೇ ಪೆಟ್ಟಿಗೆ ಯಾವುದೆಂದು ವ್ಯವಸ್ಥೆಯೇ ಹೇಳುತ್ತದೆ, ಒಬ್ಬ ಕೆಲಸಗಾರನು ಒಂದೇ ಕಡೆಗೆ ಹೋಗುತ್ತಾನೆ.

ಮತ್ತೊಂದು ಬಗೆಯ ದೋಷವು ಇದಕ್ಕಿಂತ ಸೂಕ್ಷ್ಮವಾದದ್ದು. ಉತ್ತರ ಅಮೆರಿಕದ ಜಾಲಗಳಲ್ಲಿ ಮನೆಯಿಂದ ಕೇಂದ್ರದ ಕಡೆಗೆ ಹೋಗುವ ಸಂಕೇತಗಳಿಗೆ ಬಹುಕಾಲ 5ರಿಂದ 42 ಮೆಗಾಹರ್ಟ್ಸ್‌ವರೆಗಿನ ಇಕ್ಕಟ್ಟಾದ ಪಟ್ಟಿಯಷ್ಟೇ ಇತ್ತು. ಸಡಿಲವಾದ ಒಂದು ಜೋಡಣೆಯಿಂದ ಹೊರಗಿನ ಗದ್ದಲವು ಒಳನುಗ್ಗಿದರೆ ಅದು ಹಳ್ಳಗಳ ನೀರು ಹೊಳೆಗೆ ಸೇರುವಂತೆ ಒಟ್ಟುಗೂಡಿ ಎಲ್ಲರ ಸೇವೆಯನ್ನೂ ಕೆಡಿಸುತ್ತದೆ. ಮೋಡೆಮುಗಳು ತಮ್ಮ ಸಂಕೇತದ ವಿಕೃತಿಯನ್ನು ಸರಿಪಡಿಸಿಕೊಳ್ಳುವ ಅಳತೆಗಳನ್ನು ವ್ಯವಸ್ಥೆಯು ಸಂಗ್ರಹಿಸಿ ಹೋಲಿಸಿದರೆ, ಗ್ರಾಹಕನು ದೂರುವ ಮೊದಲೇ ಕೆಡುತ್ತಿರುವ ತಾಣವು ಗೊತ್ತಾಗುತ್ತದೆ.

ಲೆಕ್ಕ ಮತ್ತು ಬಿಲ್ಲು

ಪ್ಯಾಕೆಟ್‌ಕೇಬಲ್ ಪದ್ಧತಿಯಲ್ಲಿ ಒಂದು ಕರೆಯನ್ನು ಹಲವು ಯಂತ್ರಗಳು ಸೇರಿ ನಡೆಸುತ್ತವೆ. ಪ್ರತಿಯೊಂದೂ ತಾನು ಮಾಡಿದ ಕೆಲಸದ ವರದಿಯನ್ನು ಒಂದೇ ಗುರುತಿನ ಸಂಖ್ಯೆಯೊಡನೆ ದಾಖಲೆಯ ಯಂತ್ರಕ್ಕೆ ಕಳುಹಿಸುತ್ತದೆ. ಇವನ್ನು ಕೂಡಿಸಿದಾಗ ಕರೆಯ ಪೂರ್ಣ ಲೆಕ್ಕ ಸಿದ್ಧವಾಗುತ್ತದೆ. ಆರಂಭದ ವರದಿ ಬಂದು ಮುಕ್ತಾಯದ್ದು ಬಾರದಿದ್ದರೆ ಆ ಕರೆಯ ಹಣವನ್ನು ನ್ಯಾಯವಾಗಿ ಕೇಳಲಾಗದು.

ಉಪಸಂಹಾರ

ನಮ್ಮ ದೇಶದ ಅನೇಕ ಊರುಗಳಲ್ಲಿ ಕೇಬಲ್ ಸೇವೆಯವರು ಇಂದು ಬೆಳಕಿನ ಎಳೆಯನ್ನೇ ಮನೆಯವರೆಗೆ ಎಳೆದು ಅಂತರಜಾಲ ಸೇವೆ ನೀಡುತ್ತಿದ್ದಾರೆ. ಅಲ್ಲಿ ಯಂತ್ರಗಳ ಹೆಸರು ಬೇರೆಯಾದರೂ ಪ್ರಶ್ನೆಗಳು ಇವೇ. ಯಾವ ಎಳೆ ಯಾರ ಮನೆಯದು? ನಿನ್ನೆ ಬದಲಿಸಿದ ಪೆಟ್ಟಿಗೆ ಇಂದು ವಹಿಯಲ್ಲಿ ಬದಲಾಗಿದೆಯೇ?

ತಾಂತ್ರಿಕ ವಿದ್ಯೆಯನ್ನು ಕಲಿಯುವ ವಿದ್ಯಾರ್ಥಿಗಳು ಯಂತ್ರವನ್ನು ನಡೆಸುವುದೇ ವಿದ್ಯೆಯೆಂದು ತಿಳಿಯುವುದು ಸಹಜ. ಆದರೆ ಕಂಬದ ಮೇಲೆ ತಂತಿಯನ್ನು ಬಿಗಿದವನು ಕೆಳಗಿಳಿದು ಅದನ್ನು ಸರಿಯಾಗಿ ಬರೆದಿಡುವವರೆಗೆ ಅವನ ಕೆಲಸ ಮುಗಿದಿಲ್ಲ. ಆ ಒಂದು ಸಾಲು ತಾನೆಂದೂ ಕಾಣದ ಮನೆಯೊಂದಕ್ಕೆ ಅಪವೇಳೆಯಲ್ಲಿ ರೋಗಿವಾಹನವನ್ನು ಕರೆತರಬೇಕಾದ ಸಾಲಾಗಿರಬಹುದು.